ಗಾರ್ಡ್ ಕಾಕಾನ ಹತ್ತನೆಯ ವಿಮಾನ

ರಿಮೋಟಿನ ಎಡಗೋಲಿಗೆ ಹಸಿರು ದಾರ ಹನ್ನೊಂದು ಸುತ್ತು, ಬಲಗೋಲಿಗೆ ಕೆಂಪು ದಾರ ಹನ್ನೊಂದು ಸುತ್ತು. ಸುತ್ತಿದವರು ಕಾಕಾ, ಎಣಿಸಿದವಳು ನಾನು. ಕಂಪ್ಯೂಟರ್ ಎಚ್ಚರವಾಗುವವರೆಗೆ ನಮ್ಮ ಪಡಸಾಲೆಯಲ್ಲಿ ಮಾಡಲು ಬೇರೇನೂ ಇರುವುದಿಲ್ಲ.

ನಮ್ಮ ಕಾಕಾ ಈವರೆಗೆ ಮುನ್ನೂರಕ್ಕೂ ಹೆಚ್ಚು ವಿಮಾನ ಕೆಡವಿದ್ದಾರೆ. ಯಾರಿಗೂ ಪೆಟ್ಟಾಗಿಲ್ಲ, ನನ್ನ ತಾಳ್ಮೆಗೊಂದು ಬಿಟ್ಟರೆ.

ವಾಡಿಯಲ್ಲಿ ಗೂಡ್ಸ್ ರೈಲಿನ ಗಾರ್ಡ್ ಆಗಿದ್ದವರು. ನಿವೃತ್ತರಾಗಿ ಸೇಡಂಗೆ, ನಮ್ಮ ಮನೆಗೆ ಬಂದ ಮೇಲೆ ಥರ್ಮಾಕೋಲಿನಲ್ಲಿ ಒಂದು ವಿಮಾನ ಮಾಡಿದರು. ನೆಲದ ಮೇಲೆ ನಿಂತು ರಿಮೋಟಿನಿಂದ ಹಾರಿಸುವಂಥದ್ದು. ಹಾರಿಸಿದರೇ? ಇಲ್ಲ. ಮೊದಲು ಕಂಪ್ಯೂಟರಿನಲ್ಲಿ ಕಲಿಯಬೇಕು, ಕೆಡವದೆ ಸತತ ಹತ್ತು ಸಲ ಇಳಿಸಬೇಕು, ಆಮೇಲೆಯೇ ನಿಜವಾದದ್ದು. ಇದು ತಮಗೆ ತಾವೇ ಹಾಕಿಕೊಂಡ ನಿಯಮ. ಎರಡು ವರ್ಷದಿಂದ ವಿಮಾನ ಅಲಮಾರಿಯ ಮೇಲೆ ಅವ್ವನ ಹಳೆ ಸೀರೆ ಹೊದ್ದು ಮಲಗಿತ್ತು.

ಕಂಪ್ಯೂಟರಾದರೂ ಎಂಥದ್ದು? ಶಹಾಬಾದಿನ ಫರಸಿ ಕಲ್ಲಿನ ಅಂಗಡಿಯೊಂದರವರು ಗುಜರಿಗೆ ಹಾಕಲಿದ್ದದ್ದು. 'ಈ ವ್ಯವಸ್ಥೆಗೆ ಇನ್ನು ಬೆಂಬಲವಿಲ್ಲ' ಎಂದು ದಿನಾ ಹೇಳಿಯೇ ಅದು ಕಣ್ಣು ಬಿಡುವುದು.

"ನನಗೂ ಆಫೀಸಿನವ್ರು ಹಿಂಥಾದೇ ಕಾಗದ ಕೊಟ್ಟಾರ," ಎನ್ನುತ್ತಾರೆ ಕಾಕಾ. "ನಾ ನಿಂತೀನೇನು?"

ಅದು ರಿಮೋಟನ್ನು ಗುರುತಿಸಬೇಕಾದರೆ ವಯರನ್ನು ಎರಡು ಸಲ ಕಿತ್ತು ಮೂರನೆಯ ಸಲ ಚುಚ್ಚಬೇಕು. ಹಾರಾಟದ ಪ್ರೋಗ್ರಾಮ್ 'ಹೊಸ ಆವೃತ್ತಿ ಬಂದಿದೆ, ಹಾಕಲೇ?' ಎಂದು ಕೇಳಿದಾಗಲೆಲ್ಲ ಬೇಡ ಎನ್ನಬೇಕು. ಹೊಸದು ಈ ಹಳೆ ಯಂತ್ರದಲ್ಲಿ ನಡೆಯುವುದಿಲ್ಲ. ಇದೆಲ್ಲ ನನ್ನ ಪಾಲಿಗೆ. ನಾನು ಓದಿದ್ದು ಸಸ್ಯಶಾಸ್ತ್ರ ಎಂದರೆ ಯಾರು ಕೇಳುತ್ತಾರೆ?

"ಅಷ್ಟ್ ಓದಿದಾಕಿಗೆ ಒಂದ್ ವಾಯರ್ ತಿಳಿಯಂಗಿಲ್ಲೇನು?"

ಇಷ್ಟಕ್ಕೇ ಮುಗಿಯಿತೇ? ಹಸಿರು ನಿಶಾನೆ ಕಾಣದೆ ಗಾಡಿ ಬಿಟ್ಟವರಲ್ಲ ಅವರು. "ಯವ್ವಾ, ಹೊಂಡ್ಲೇನು?" ಎಂದು ಕೂಗುತ್ತಾರೆ. ನಾನು "ಹೊಂಡ್ರಿ ಕಾಕಾ" ಎನ್ನುವವರೆಗೆ ವಿಮಾನ ಪರದೆಯ ಮೇಲೆ ಗುರುಗುಡುತ್ತ ನಿಂತಿರುತ್ತದೆ. ಬಚ್ಚಲಮನೆಯಿಂದಲೂ ಹೊಂಡ್ರಿ ಎಂದಿದ್ದೇನೆ.

"ಚಿತ್ತಾಪುರದಿಂದ ಬೀಗರು ಬಂದ್ರ ಎಲ್ಲಿ ಕೂಡಿಸ್ಲಿ?" ಅವ್ವ ಗೊಣಗುತ್ತಾಳೆ. "ಪಡಸಾಲಿ ತುಂಬ ಇಮಾನ ಬಿದ್ದಾವ."

"ಹಾರಾಕತ್ಯಾವ ವೈನಿ, ಬಿದ್ದಿಲ್ಲ," ಎಂದು ಕಾಕಾ ಅತ್ತಿಗೆಯನ್ನು ತಿದ್ದುವಷ್ಟರಲ್ಲಿ ಒಂದು ಬೀಳುತ್ತದೆ.

ಹೋದ ತಿಂಗಳು ಒಂಬತ್ತು ಸಲ ಸತತವಾಗಿ ಇಳಿಸಿಬಿಟ್ಟರು. ಹತ್ತನೆಯದು ನಾಳೆ ಎಂದು ಎದ್ದು ಹೋದರು. ಮುಚ್ಚಲು ಹೋದ ನನ್ನನ್ನು ಪ್ರೋಗ್ರಾಮ್ ಮತ್ತೆ ಕೇಳಿತು: ಹಾಕಲೇ? ದಣಿದಿದ್ದೆ. ಹೂಂ ಎಂದು ಒತ್ತಿದೆ.

ಮರುದಿನ ಅದು ತೆರೆಯಲೇ ಇಲ್ಲ. ಹಳೆಯ ಆವೃತ್ತಿ ಎಲ್ಲಿಯೂ ಸಿಗಲಿಲ್ಲ. ಹೂಂ ಎಂದು ಒತ್ತಿದ್ದನ್ನು ಮುಚ್ಚಿಟ್ಟೆ. ಕಾಕಾ ವಯರ್ ಸುತ್ತಿಟ್ಟರು.

ಮೂರು ವಾರ ಮನೆಯಲ್ಲಿ ಯಾರೂ "ಹೊಂಡ್ಲೇನು" ಎನ್ನಲಿಲ್ಲ. ನನಗೆ ಬೇಕಾಗಿದ್ದೂ ಅದೇ ಅಲ್ಲವೇ? ಆದರೂ ಓದುತ್ತ ಕುಳಿತಾಗ ಸುಮ್ಮಸುಮ್ಮನೆ ತಲೆ ಎತ್ತುತ್ತಿದ್ದೆ.

ಒಂದು ಸಂಜೆ ಪೆನ್ನು ಹುಡುಕುವಾಗ ಅವರ ವಹಿ ಸಿಕ್ಕಿತು. ಗಾರ್ಡುಗಳು ಗಾಡಿ ಹೊರಟ ಹೊತ್ತು, ತಡ, ತಡಕ್ಕೆ ಕಾರಣ ಎಲ್ಲ ಬರೆದಿಡಬೇಕು. ಕಾಕಾ ಪರದೆಯ ವಿಮಾನಗಳಿಗೂ ಬರೆದಿದ್ದರು. 'ತಡ: ಹದಿನಾಲ್ಕು ನಿಮಿಷ. ಕಾರಣ: ವೈನಿಯ ಜೋಳದ ರೊಟ್ಟಿ.' 'ಮರಕ್ಕೆ ಬಡಿಯಿತು. ಕಾರಣ: ಮರ.' ನೌಕರಿಯಲ್ಲಿದ್ದಾಗ ತಪ್ಪು ಮಾಡಿದವರ ಹೆಸರು ಬರೆಯದೆ ಬಿಟ್ಟವರಲ್ಲ, ಸ್ಟೇಷನ್ ಮಾಸ್ಟರನನ್ನೂ ಬಿಟ್ಟಿರಲಿಲ್ಲ. ನಗುತ್ತಲೇ ಕೊನೆಯ ಪುಟ ತೆರೆದೆ.

'ಹತ್ತನೆಯದು ಹೊರಡಲಿಲ್ಲ. ಕಾರಣ: ಗಾರ್ಡಿನ ತಪ್ಪು.'

ಒಂಬತ್ತನೆಯದು ಇಳಿದ ದಿನ ಕಂಪ್ಯೂಟರಿನ ಮುಂದೆ ಕೊನೆಗೆ ಕುಳಿತವಳು ನಾನು ಎಂಬುದು ಅವರಿಗೆ ಗೊತ್ತಿತ್ತು. ಗಾರ್ಡ್ ಎಂದರೆ ನಮ್ಮ ಮನೆಯಲ್ಲಿ ಅವರೊಬ್ಬರೇ.

ಮರುದಿನ ಬೆಳಿಗ್ಗೆ ಅಲಮಾರಿಯ ಮೇಲಿನ ಸೀರೆ ಸರಿಸಿ ವಿಮಾನ ಇಳಿಸಿದೆ. ರಿಮೋಟಿನ ಜೊತೆ ಅವರ ಟ್ರಂಕಿನಿಂದ ನೌಕರಿಯ ಕಾಲದ ಹಸಿರು ಬಾವುಟವನ್ನೂ ತೆಗೆದುಕೊಂಡೆ. ಕುರಕುಂಟಾ ರಸ್ತೆಯಲ್ಲಿ ತೊಗರಿ ಕೊಯ್ದು ಬರಿದಾದ ಹೊಲಕ್ಕೆ ಕಾಕಾನನ್ನು ಕರೆದೊಯ್ದೆ.

"ಒಂಬತ್ತೇ ಆಗ್ಯಾವಲ್ಲ ಯವ್ವಾ," ಎಂದರು.

"ಹತ್ತನೇದು ಇಲ್ಲೇ ಆಗ್ಲಿ ಕಾಕಾ. ಅವತ್ತು ಹೂಂ ಅಂತ ಒತ್ತಿದಾಕಿ ನಾನು."

ಅವರು ರಿಮೋಟಿನ ಹಸಿರು ದಾರವನ್ನು ಹೆಬ್ಬೆರಳಿನಿಂದ ಸವರಿದರು. "ಮೊದ್ಲ ಹೋಗಿ ನಿನ್ನ ಜಾಗಾದಾಗ ನಿಂದ್ರು."

ಹೊಲದ ಇನ್ನೊಂದು ತುದಿಗೆ ನಡೆದು ಹೋಗಿ, ಅವರು "ಹೊಂಡ್ಲೇನು" ಎಂದು ಕೇಳುವ ಮೊದಲೇ ಬಾವುಟ ಎತ್ತಿ ಹಿಡಿದೆ.