ಅವ್ವನ ಪಾಲಿನ ಬಿ.ಪಿ. ಗುಳಿಗೆಯವರಿಗೆ

ಶ್ರೀಮಾನ್ ಆಮ್ಲೋಡಿಪಿನ್ ಐದು ಮಿಲಿಗ್ರಾಂ ಅವರ ಸನ್ನಿಧಾನಕ್ಕೆ,
ಬೆಳ್ಳಿ ಹಾಳೆಯ ಅರಮನೆ, ಔಷಧಿ ಕಪಾಟು,
ನಮ್ಮೂರ ಆರೋಗ್ಯ ಕೇಂದ್ರ, ಹೊಸಹಳ್ಳಿ ಹೋಬಳಿ, ಕೂಡ್ಲಿಗಿ ತಾಲ್ಲೂಕು.

ಮಾನ್ಯರೇ,

ಬಿಸಿಲು ತಾಗದ, ತೇವ ಸುಳಿಯದ ತಮ್ಮ ಕಪಾಟಿನಲ್ಲಿ ತಾವು ಸಪರಿವಾರ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ತಾವು ಕ್ಷೇಮವಾಗಿದ್ದರೆ ನಾವು ಕ್ಷೇಮ ಎಂಬುದು ಇಲಾಖೆಯ ಸುತ್ತೋಲೆಯಲ್ಲೇ ಇರುವುದರಿಂದ, ಮೊದಲು ಸೋಪಿನಿಂದ ಕೈ ತೊಳೆದು, ಆಮೇಲೆ ಅದೇ ಕೈಗಳನ್ನು ಜೋಡಿಸಿ, ಒಂದು ದೂರನ್ನು ತಮ್ಮ ಪಾದಗಳಲ್ಲಿ ಇಡಲು ಬಯಸುತ್ತೇನೆ. ತಮಗೆ ಪಾದಗಳಿಲ್ಲವೆಂದು ಬಲ್ಲೆ. ಆದರೆ ತಮ್ಮನ್ನು ಸೇವಿಸಿದ ಕೆಲವರ ಪಾದಗಳು ಬಾತುಕೊಳ್ಳುವುದನ್ನು ದಿನವೂ ಒತ್ತಿ ನೋಡುವವನು ನಾನೇ ಆದ್ದರಿಂದ, ಪಾದದ ವಿಷಯದಲ್ಲಿ ನಮ್ಮಿಬ್ಬರಿಗೂ ಹಳೆಯ ಸಂಬಂಧವಿದೆ.

ನಾನು ಇದೇ ಕೇಂದ್ರದ ಶುಶ್ರೂಷಾಧಿಕಾರಿ. ಹುದ್ದೆಯ ಹೆಸರು ಬಾಯಿ ತುಂಬುವಷ್ಟು ದೊಡ್ಡದಾದ್ದರಿಂದ ಜನ ಅದನ್ನು ಬದಿಗಿಟ್ಟು 'ಬ್ರದರ್' ಎನ್ನುತ್ತಾರೆ, ಕೆಲವು ಮುದುಕಿಯರು ರೂಢಿಬಲದಿಂದ 'ಸಿಸ್ಟರ್' ಎಂದು ಕರೆದು ಆಮೇಲೆ ನನ್ನ ಮೀಸೆ ನೋಡಿ ಸುಮ್ಮನಾಗುತ್ತಾರೆ. ನನ್ನಪ್ಪ ಗಾದಿಲಿಂಗಪ್ಪ ಯಾವುದೋ ಸಂಘಟನೆಯ ಸಭೆಗೆ ಹೋಗಿ ಬಂದ ಹುರುಪಿನಲ್ಲಿ ನನಗೆ ಕ್ರಾಂತಿಕುಮಾರ್ ಎಂದು ಹೆಸರಿಟ್ಟರು. ಈವರೆಗೆ ನಾನು ಮಾಡಿರುವ ಕ್ರಾಂತಿಯೆಂದರೆ ಮೇಲಿನ ಓಣಿಯ ಹಿರಿಯರ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿ ಗಾಳಿ ಒತ್ತುವುದು. ಆಗ ಯಾರೂ ನಾನು ಯಾವ ಓಣಿಯವನೆಂದು ಕೇಳುವುದಿಲ್ಲ, ಏಕೆಂದರೆ ಡ್ಯೂಟಿಯ ವೇಳೆಯಲ್ಲಿ ನನ್ನ ಕೈ ಸರ್ಕಾರದ್ದು. ಡ್ಯೂಟಿ ಮುಗಿದ ಮೇಲೆ ಅದು ಮತ್ತೆ ನಮ್ಮ ಓಣಿಗೆ ಸೇರುತ್ತದೆ.

ಮಾನ್ಯರೇ, ತಮ್ಮ ದೊಡ್ಡ ಗುಣವೇ ತಮ್ಮ ದೊಡ್ಡ ದೋಷವೆಂದು ವಿನಯದಿಂದ ತಿಳಿಸಬೇಕಾಗಿದೆ. ತಾವು ಉದ್ದಿನಕಾಳಿನಷ್ಟು ಇದ್ದೀರಿ, ಕಹಿಯಾಗಿಲ್ಲ, ಚುಚ್ಚುವುದಿಲ್ಲ, ನೋಯಿಸುವುದಿಲ್ಲ. ಇಂಥವರನ್ನು ನಮ್ಮ ಸೀಮೆಯಲ್ಲಿ ಯಾರು ಮರ್ಯಾದೆಯಿಂದ ಕಾಣುತ್ತಾರೆ? ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ, ಹಗರಿಬೊಮ್ಮನಹಳ್ಳಿಯಿಂದ ಹಡಗಲಿಯ ಹೊಳೆದಂಡೆಯವರೆಗೆ ಔಷಧವೆಂದರೆ ಸೂಜಿ. ಕೊಟ್ಟೂರಿಗೆ ಹೋಗಿ ಒಂದು ಸೂಜಿ ಮಾಡಿಸಿಕೊಂಡು, ಒಗ್ಗರಣೆ ಮಂಡಕ್ಕಿಗೆ ಉಪ್ಪು ಸವರಿದ ಮೆಣಸಿನಕಾಯಿ ಕಚ್ಚಿಕೊಂಡು ಬಂದವರು ತಿಂಗಳುಗಟ್ಟಲೆ ಆ ಡಾಕ್ಟರರ ಕೈಗುಣ ಹೊಗಳುತ್ತಾರೆ. ತಾವಾದರೋ ಯಾರಿಗೂ ಕಾಣದಂತೆ ರಕ್ತನಾಳಗಳನ್ನು ಸಡಿಲಿಸಿ, ಲಕ್ವ ಹೊಡೆಯದಂತೆ ನೋಡಿಕೊಂಡು, ಕೆಲಸ ಮುಗಿದ ಕೂಡಲೇ ನೌಕರಿ ಕಳೆದುಕೊಳ್ಳುತ್ತೀರಿ. ಮೇಲಿನ ಓಣಿಯಲ್ಲಿ ಕುರಿ ಸಾಕಿರುವ ಪಾಲಾಕ್ಷಪ್ಪನವರಿಗೆ ಬಿ.ಪಿ. ಹತೋಟಿಗೆ ಬಂದದ್ದು ಗುಳಿಗೆಯಿಂದಲೇ, ನಿಲ್ಲಿಸಬೇಡಿ ಎಂದು ನಾನು ಗಂಟಲು ಹರಿದುಕೊಂಡಾಗ ಅವರು ಕೇಳಿದ್ದು ಒಂದೇ ಮಾತು: "ಮಳಿ ನಿಂತ ಮ್ಯಾಲೂ ಕಂಬಳಿ ಹೊದ್ಕಂಡು ತಿರುಗ್ತಾರೇನ್ರೀ ಬ್ರದರ್?" ಈ ಪ್ರಶ್ನೆಗೆ ನರ್ಸಿಂಗ್ ಪಠ್ಯದಲ್ಲಿ ಉತ್ತರವಿಲ್ಲ. ತಮ್ಮ ಬಳಿ ಇದ್ದರೆ ದಯವಿಟ್ಟು ಸ್ಟ್ರಿಪ್ಪಿನ ಹಿಂಬದಿ ಮುದ್ರಿಸಿ ಕಳಿಸಬೇಕು.

ತಮ್ಮ ಪರವಾಗಿ ನಾನು ದಿನವೂ ಹೇಳುವ ಮಂತ್ರವೊಂದಿದೆ. ಒಮ್ಮೆಲೇ ಏಳಬೇಡಿ, ಮೊದಲು ಮಗ್ಗುಲಾಗಿ, ಆಮೇಲೆ ಕುಳಿತುಕೊಳ್ಳಿ, ಕಾಲು ಇಳಿಬಿಟ್ಟು ತುಸು ಸುಧಾರಿಸಿಕೊಂಡು ಎದ್ದು ನಿಲ್ಲಿ, ಇಲ್ಲದಿದ್ದರೆ ಕಣ್ಣು ಕತ್ತಲೆ ಬಂದು ಬೀಳುತ್ತೀರಿ. ಎಂಥ ಸೊಗಸಾದ ಸಲಹೆ! ನಮ್ಮ ಕಡೆ ಯಾವ ಸೊಸೆಯಾದರೂ ಹೀಗೆ ಕಂತುಕಂತಾಗಿ ಎದ್ದರೆ ಸಂಜೆಯೊಳಗೆ ತವರಿನ ಬಸ್ಸು ಹತ್ತಿರುತ್ತಾಳೆ. ಇನ್ನು ನನ್ನ ಅವ್ವ ಸುಂಕಮ್ಮನ ಮಾತಂತೂ ಬೇಡ. ಮೇಲಿನ ಓಣಿಯವರು ಯಾರಾದರೂ ದಾರಿಯಲ್ಲಿ ಕೆಮ್ಮಿದರೂ ಸಾಕು, ಕುಳಿತಲ್ಲಿಂದ ಚಂಗನೆ ಎದ್ದು ಸೆರಗು ಸರಿಮಾಡಿಕೊಂಡು ನಿಲ್ಲುವುದನ್ನು ಅವಳು ಮಾತು ಕಲಿಯುವ ಮೊದಲೇ ಕಲಿತವಳು. ನಾನು ಸರ್ಕಾರಿ ನೌಕರಿಗೆ ಸೇರಿದ ಮೇಲೂ ಆ ಏಳುವುದು ನಿಲ್ಲಲಿಲ್ಲ.

ಈಗ ದೂರಿನ ಮೂಲಕ್ಕೆ ಬರುತ್ತೇನೆ. ಅಪ್ಪನನ್ನು ಕರೆದೊಯ್ದದ್ದು ಲಕ್ವ. ಅವರ ಬಿ.ಪಿ.ಯನ್ನು ಬದುಕಿದ್ದಾಗ ಯಾರೂ ಅಳೆದಿರಲಿಲ್ಲ, ಅಳೆಯಬೇಕಾದ ಮಗ ಇನ್ನೂ ಓದುತ್ತಿದ್ದ. ಹಾಗಾಗಿ ಅವ್ವನ ಬಿ.ಪಿ. ಏರಿದೆಯೆಂದು ಗೊತ್ತಾದ ದಿನವೇ ತಮ್ಮನ್ನು ಮನೆಗೆ ಬರಮಾಡಿಕೊಂಡೆ. ಅಪ್ಪನಿಗಾದದ್ದು ಇವಳಿಗೆ ಆಗಬಾರದು ಎಂಬುದೊಂದೇ ನನ್ನ ಹಟ. ಅವ್ವನಿಗೆ ನನ್ನ ಮಾತೆಂದರೆ ಹಿತ್ತಲ ಗಿಡ. ಆದರೂ ತಿಂಗಳ ಗುಳಿಗೆ ತಪ್ಪದೆ ಖಾಲಿಯಾಗುತ್ತಿತ್ತು, ಖಾಲಿ ಸ್ಟ್ರಿಪ್ಪುಗಳನ್ನು ಅವಳೇ ತಂದು ನನಗೆ ತೋರಿಸುತ್ತಿದ್ದಳು. ಖಾಲಿಯಾಗುವುದು ಖಾಲಿಯಾಯಿತು, ಇಳಿಯಬೇಕಾದ ಬಿ.ಪಿ. ಮಾತ್ರ ಇಳಿಯಲಿಲ್ಲ. ಆಗ ನಾನು ತಮ್ಮ ಪ್ರಾಮಾಣಿಕತೆಯನ್ನೇ ಶಂಕಿಸಿದೆ. ಗುಳಿಗೆಯಲ್ಲಿ ಸುಣ್ಣ ತುಂಬಿರಬೇಕು ಎಂದು ನಮ್ಮ ಡಾಕ್ಟರ್ ಚಂದನಾ ಮೇಡಂ ಮುಂದೆ ತಮ್ಮನ್ನು ಕೆಟ್ಟದಾಗಿ ಬೈದೆ. ಅದಕ್ಕೆ ಈ ಮೂಲಕ ಬಹಿರಂಗವಾಗಿ ಕ್ಷಮೆ ಕೋರುತ್ತೇನೆ.

ಮೇಡಂ ಅಂಕಿ ನೋಡಿ ಡೋಸು ಹೆಚ್ಚಿಸಿ, ಜೊತೆಗೆ ಇನ್ನೊಂದು ಗುಳಿಗೆಯನ್ನೂ ಸೇರಿಸಿದರು. ಈ ಸಲ ನಾನು ಯಾರನ್ನೂ ನಂಬದೆ, ಬೆಳಿಗ್ಗೆ ಎದ್ದ ಕೂಡಲೇ ಅವ್ವನ ಎದುರಿಗೆ ಕುಳಿತು, ಗುಳಿಗೆಗಳನ್ನು ಅವಳ ನಾಲಿಗೆಯ ಮೇಲೆ ನಾನೇ ಇಟ್ಟು, ನುಂಗಿದ ಮೇಲೆ ಬಾಯಿ ತೆರೆಸಿ ನೋಡುತ್ತಿದ್ದೆ. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರೂ ಅಷ್ಟು ನಿಗಾ ಮಾಡಲಾರರು. ತಾವೂ ಈ ಸಲ ಮೈಮುರಿದು ದುಡಿದಿರಿ ಎಂಬುದನ್ನು ಒಪ್ಪಿಕೊಳ್ಳಬೇಕು.

ಒಂದು ಭಾನುವಾರ ಅವ್ವ ಮನೆಯ ಕಟ್ಟೆಯ ಮೇಲೆ ಕುಳಿತು ಜೋಳ ಹಸನು ಮಾಡುತ್ತಿದ್ದಳು. ಓಣಿಯ ತಿರುವಿನಲ್ಲಿ ಯಾರೋ ಕೆಮ್ಮಿದರು. ಬಂದದ್ದು ಪಾಲಾಕ್ಷಪ್ಪನವರ ಹೆಂಡತಿ ಈರಕ್ಕ. ಅವ್ವ ಎಂದಿನಂತೆ ಚಂಗನೆ ಎದ್ದಳು, ಎಂದಿನಂತೆ ಸೆರಗಿಗೆ ಕೈ ಹಾಕಿದಳು, ಆಮೇಲೆ ಕಟ್ಟೆಯ ಚಪ್ಪಡಿಗೆ ಹಣೆ ಬಡಿದುಕೊಂಡು ಬಿದ್ದಳು. ನಾನು ಹೊರಗೆ ಓಡಿ ಬಂದಾಗ ಜೋಳದ ಮೇಲೆಲ್ಲ ರಕ್ತವಿತ್ತು. ಪಟ್ಟಿ ಸುತ್ತಿ ನೋಡಿದರೆ ಬಿ.ಪಿ. ಪಾತಾಳಕ್ಕೆ ಇಳಿದಿತ್ತು. ಇಷ್ಟು ವರ್ಷ ಊರವರ ಕೈ ಹಿಡಿದು ನೋಡಿದವನಿಗೆ ಆವತ್ತು ಅವ್ವನ ನಾಡಿ ಸಿಗಲಿಲ್ಲ.

ಈರಕ್ಕ ಮಾತ್ರ ದೂರದಲ್ಲೇ ನಿಂತು ಎದೆ ಎದೆ ಬಡಿದುಕೊಂಡು ಅಳುತ್ತಿದ್ದಳು. "ನಮ್ ಸಲುವಾಗೇ ಹಿಂಗಾತಪ್ಪೋ ಬ್ರದರ್, ತನ್ ಗುಳಿಗಿ ಎಲ್ಲಾ ನಮಗಾ ಕೊಟ್ಟು ಕೊಟ್ಟು ಈಕಿ ಬರಿಗೈ ಆದ್ಲು!" ಹೀಗೆ ತಮ್ಮ ಸಂಚಾರದ ವೃತ್ತಾಂತ ಹೊರಬಿತ್ತು. ಹೆಪ್ಪಿಗೆ ಮಜ್ಜಿಗೆ, ಒಲೆಗೆ ಕೆಂಡ, ಒಗ್ಗರಣೆಗೆ ಕರಿಬೇವು ಹೇಗೆ ಮನೆಯಿಂದ ಮನೆಗೆ ಕೈಗಡ ಹೋಗುತ್ತವೋ ಹಾಗೆ ತಾವೂ ನಮ್ಮ ಮನೆಯಿಂದ ಮೇಲಿನ ಓಣಿಗೆ ಹೋಗುತ್ತಿದ್ದಿರಿ, ವಾಪಸು ಬರುತ್ತಿರಲಿಲ್ಲ ಅಷ್ಟೇ. ಈರಕ್ಕನಿಗೆ ಬಿ.ಪಿ. ಇರುವುದು ಊರಲ್ಲಿ ನಡೆದ ಆರೋಗ್ಯ ಶಿಬಿರದಲ್ಲೇ ಗೊತ್ತಾಗಿತ್ತು, ಆದರೆ ಕೇಂದ್ರಕ್ಕೆ ಬಂದು ಹೆಸರು ಬರೆಸಿದರೆ ರೋಗ ಖಾಯಂ ಆಗುತ್ತದೆಂಬ ಭಯ. ನರ್ಸನ ತಾಯಿಯ ಕೈಯಿಂದ ತೆಗೆದುಕೊಂಡರೆ ಅದು ರೋಗವೂ ಅಲ್ಲ, ಔಷಧವೂ ಅಲ್ಲ, ಬರೀ ತಲೆನೋವಿಗೆ ಒಂದು ಗುಳಿಗೆ. ಅವಳ ಹಿಂದೆ ಅವಳ ಓರಗಿತ್ತಿ ಬಂದಳು, ಓರಗಿತ್ತಿಯ ಹಿಂದೆ ಆ ಓಣಿಯ ಇನ್ನೂ ಕೆಲವರು. ತಮ್ಮ ತಿಂಗಳ ಬಳಗದಲ್ಲಿ ಅವ್ವನ ಹೊಟ್ಟೆ ಸೇರುತ್ತಿದ್ದದ್ದು ಅಮಾವಾಸ್ಯೆಗೊಬ್ಬರು, ಹುಣ್ಣಿಮೆಗೊಬ್ಬರು. ಅವಳು ನುಂಗದ ಗುಳಿಗೆಯ ಲೆಕ್ಕದ ಮೇಲೆ ನಾವು ಡೋಸು ಏರಿಸಿದ್ದೆವು. ಆ ಏರಿಸಿದ್ದನ್ನು ನಾನು ಬಾಯಿ ತೆರೆಸಿ ತೆರೆಸಿ ನುಂಗಿಸಿ ಅವಳನ್ನು ಕೆಡವಿದ್ದೆ.

ಹಣೆಗೆ ಹೊಲಿಗೆ ಹಾಕಿಸಿಕೊಂಡು ಮಲಗಿದ್ದವಳನ್ನು ನಾನು ಬೈದೆ. ನೀನು ಸತ್ತರೆ ಗುಳಿಗೆ ಕೊಡಲು ಯಾರಿರುತ್ತಾರೆ ಎಂದು ಕಿರುಚಿದೆ. ಅವ್ವ ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದಳು: "ಹುಟ್ಟಿದಾಗಿಂದ ನೋಡೀನಲೋ ಕ್ರಾಂತಿ, ಆ ಓಣ್ಯಾಗಿಂದ ಯಾರೂ ನಮ್ ಮನಿಗೆ ಬಂದವರಲ್ಲ. ಅವರಾಗೇ ಬಂದು ಕಟ್ಟಿ ಮ್ಯಾಲ ಕುಂತು ನನ್ ಮುಂದ ಕೈ ಚಾಚಿದ್ರು. ಇಲ್ಲ ಅಂತ ಹೆಂಗ ಅನ್ಲಿ ನಾನು?"

ಮಾನ್ಯರೇ, ಈ ಮಾತು ಕೇಳಿ ನನಗೆ ಸಿಟ್ಟೂ ಬಂತು, ಅಳುವೂ ಬಂತು. ಯಾರ ಮೇಲಿನ ಸಿಟ್ಟೆಂದು ಗೊತ್ತಾಗದೆ ತಮ್ಮ ಮೇಲೆ ಹಾಕುತ್ತಿದ್ದೇನೆ. ಸಣ್ಣವರ ಮೇಲೆ ಸಿಟ್ಟು ತೀರಿಸಿಕೊಳ್ಳುವುದು ನಮ್ಮ ಊರಿನ ಹಳೆಯ ಪದ್ಧತಿ.

ಆದ್ದರಿಂದ ತಾವು ದಯಮಾಡಿ ಕೆಲವು ಕೋರಿಕೆಗಳನ್ನು ನಡೆಸಿಕೊಡಬೇಕು. ಇನ್ನು ಮುಂದೆ ತಾವು ಹುಣಸೆಬೀಜದಷ್ಟಾದರೂ ದಪ್ಪಗಾಗಿ, ಬೇವಿನಷ್ಟು ಕಹಿಯಾಗಿ, ನುಂಗಿದವರು ಸ್ವಲ್ಪ ನರಳುವಂತೆ ವ್ಯವಸ್ಥೆ ಮಾಡಿಕೊಳ್ಳಬೇಕು, ಆಗ ಜನ ತಮಗೂ ಕೈಗುಣವಿದೆ ಎನ್ನುತ್ತಾರೆ. ಒಬ್ಬರ ಗುಳಿಗೆಯನ್ನು ಇನ್ನೊಬ್ಬರು ಬಾಯಿಗೆ ಹಾಕಿಕೊಂಡರೆ ಒಳಗಿನಿಂದಲೇ 'ನಾನು ಸುಂಕಮ್ಮನವನು' ಎಂದು ಕೂಗಬೇಕು. ಇದು ಕಷ್ಟವೆನಿಸಿದರೆ ಎರಡು ಜಾತಿಯಾಗಿ ಬನ್ನಿರಿ, ನುಂಗುವುದಕ್ಕೊಂದು, ಹಂಚುವುದಕ್ಕೆ ಬರೀ ಸಕ್ಕರೆಯದೊಂದು, ನೋಡಲು ಎರಡೂ ಒಂದೇ ಥರ ಇರಲಿ, ಅವ್ವನ ಕಟ್ಟೆಯ ಮರ್ಯಾದೆಯೂ ಉಳಿಯುತ್ತದೆ ಎಂದು ಬರೆಯಹೊರಟಿದ್ದೆ. ಆದರೆ ಅವ್ವನನ್ನು ನಾನು ಬಲ್ಲೆ. ಅವಳು ಒಳ್ಳೆಯದನ್ನು ಅವರಿಗೆ ಕೊಟ್ಟು ಸಕ್ಕರೆಯನ್ನು ತಾನು ನುಂಗುತ್ತಾಳೆ. ಆ ಕೋರಿಕೆಯನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಸದ್ಯದ ಪರಿಸ್ಥಿತಿಯನ್ನೂ ಅರಿಕೆ ಮಾಡಿಬಿಡುತ್ತೇನೆ. ಮೇಡಂ ಡೋಸನ್ನು ಮೊದಲಿನ ಮಟ್ಟಕ್ಕೇ ತಂದರು. ನಾನು ಮೇಲಿನ ಓಣಿಯ ಮನೆಮನೆಗೆ ಹೋಗಿ, ಹೆಸರು ಬರೆಸಿದರೆ ರೋಗ ಖಾಯಂ ಆಗುವುದಿಲ್ಲ, ಬರೆಸದಿದ್ದರೆ ಲಕ್ವ ಖಾಯಂ ಆಗುತ್ತದೆ ಎಂದು ಹೆದರಿಸಿ, ಈರಕ್ಕನನ್ನೂ ಉಳಿದವರನ್ನೂ ಕೇಂದ್ರಕ್ಕೆ ಕರೆತಂದೆ. ಅವರಿಗೆ ಅವರವರ ಗುಳಿಗೆ ಸಿಗುತ್ತಿದೆ. ಅವ್ವ ತನ್ನದನ್ನು ತಾನೇ ನುಂಗುತ್ತಾಳೆ, ಬಿ.ಪಿ. ಪಠ್ಯಪುಸ್ತಕದಲ್ಲಿ ಬರೆದಂತೆ ಇದೆ. ಈಗ ನಮ್ಮ ಮನೆಗೆ ಯಾರೂ ಬರುವುದಿಲ್ಲ. ಅವ್ವ ಹೊತ್ತೇರುವವರೆಗೂ ಕಟ್ಟೆಯ ಮೇಲೆ ಒಬ್ಬಳೇ ಕುಳಿತಿರುತ್ತಾಳೆ, ಊಟದ ಹೊತ್ತಿಗೆ ನನ್ನ ತಟ್ಟೆಗೆ ರೊಟ್ಟಿ ಹಾಕಿ ಒಳಗೆ ಹೋಗುತ್ತಾಳೆ. ತಾವು ಕೆಲಸ ಮಾಡಲಿಲ್ಲವೆಂದು ದೂರು ಬರೆಯಲು ಕುಳಿತವನು ನಾನು. ಮಾಡಿದಿರಿ ಎಂಬ ದೂರನ್ನು ಯಾವ ಅಧಿಕಾರಿಗೆ ಸಲ್ಲಿಸಬೇಕೋ ತಾವೇ ತಿಳಿಸಬೇಕು.

ದಿನವೂ ತಮ್ಮನ್ನು ಎಣಿಸಿ ಹಂಚುವ, ದಿನವೂ ತಮ್ಮ ಮೇಲೆ ರೇಗುವ, ಆದರೂ ತಾಯಿಯನ್ನು ತಮ್ಮ ಕೈಗೇ ಒಪ್ಪಿಸಿರುವ

ತಮ್ಮ ವಿಶ್ವಾಸಿ,
ಜಿ. ಕ್ರಾಂತಿಕುಮಾರ್
ಶುಶ್ರೂಷಾಧಿಕಾರಿ

ಮರೆತ ಮಾತು: ಈ ಪತ್ರವನ್ನು ಅಂಟಿಸುವ ಮೊದಲೇ ಈರಕ್ಕ ಮತ್ತೆ ಬಂದಳು. ಕೇಂದ್ರದ ಗುಳಿಗೆ ತನಗೆ ನಾಟುತ್ತಿಲ್ಲವಂತೆ, ಸುಂಕಮ್ಮನ ಕೈಯಿಂದ ಕೊಟ್ಟರಷ್ಟೇ ನಾಟುತ್ತದಂತೆ. ತನ್ನ ಗುಳಿಗೆಯನ್ನು ತಾನೇ ತಂದು ಅವ್ವನ ಅಂಗೈಯಲ್ಲಿಟ್ಟು, "ನಿನ್ ಕೈಲೇ ಕೊಡವಾ" ಎಂದಳು. ಅವ್ವನ ಮುಖ ಎಷ್ಟೋ ದಿನದ ಮೇಲೆ ಅರಳಿತು. ಗುಳಿಗೆ ಕೊಟ್ಟು, ನಾನು ಹೇಳಿಕೊಟ್ಟಂತೆ ನಿಧಾನವಾಗಿ ಎದ್ದು, ಒಳಗೆ ಹೋಗಿ ತಂಬಿಗೆ ಬೆಳಗಿ ನೀರು ತುಂಬಿಕೊಂಡು ಬಂದಳು. ಅಷ್ಟರಲ್ಲಿ ಈರಕ್ಕ ತನ್ನ ಮನೆಯಿಂದಲೇ ತಂದಿದ್ದ ನೀರಿನ ಬಾಟಲಿಯ ಮುಚ್ಚಳ ತೆಗೆದು ಗುಳಿಗೆ ನುಂಗಿಯಾಗಿತ್ತು. ತಂಬಿಗೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದ ಅವ್ವನ ಬಿ.ಪಿ.ಯನ್ನು ಆವತ್ತು ನಾನು ನೋಡಲಿಲ್ಲ. ಅದು ಏರಿದ್ದರೂ ತಾವು ಬೇಸರ ಮಾಡಿಕೊಳ್ಳಬಾರದು, ಅದರಲ್ಲಿ ತಮ್ಮ ತಪ್ಪೇನೂ ಇಲ್ಲ.