ಕಾಕಾನ ಸೀರಿಯಲ್ಲು, ಕುಕ್ಕರಿನ ಸೀಟಿ

ಭಾನುವಾರ ಮುಂಜಾನೆ ಅರ್ಧ ತಾಸು ಮನೆಯಲ್ಲಿ ಯಾರೂ ಸೀನಬಾರದು ಎಂದು ಕಾಯಿದೆ ಮಾಡಿದ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡಿದ್ದೇನೆ ಏನು ಬಂತು, ಅವರ ಮನೆಯಲ್ಲೇ ಉಂಡು, ಅಲ್ಲಿಂದಲೇ ಕಾಲೇಜು ಕಲಿತು, ಸೀನು ಬಂದಾಗಲೆಲ್ಲ ಮೂಗು ಹಿಡಿದುಕೊಂಡು ಹೊರಗಿನ ಗ್ಯಾಲರಿಗೆ ಓಡಿ ದೊಡ್ಡವನಾಗಿದ್ದೇನೆ! ನನ್ನ ಸ್ವಂತ ಕಾಕಾ, ಅಪ್ಪನ ತಮ್ಮ. ಬೆಳಗಾವಿ ಕಡೆಯಿಂದ ಪುಣೆಗೆ ಬಂದು ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ಅಡತಿ ಅಂಗಡಿ ಇಟ್ಟವರು. ಬೆಲ್ಲದ ಚೂರು ನಾಲಿಗೆಗೆ ತಾಗಿಸಿ ಅದು ಯಾವ ಸೀಮೆಯದು ಎಂದು ಹೇಳುವಷ್ಟು ಜಾಣರು. ಇಂಥವರು ಒಂದು ಟಿ.ವಿ. ಸೀರಿಯಲ್ಲಿಗೆ ಹುಚ್ಚರಾದರು ಎಂದರೆ ನಂಬುತ್ತೀರಾ?

ತೊಂಬತ್ತರ ದಶಕದ ಮಾತು. ಆ ಹಳೆಯ ಹಿಂದಿ ಹಾಸ್ಯ ಸೀರಿಯಲ್ಲನ್ನು ಭಾನುವಾರ ಮತ್ತೆ ಹಾಕುತ್ತಿದ್ದರು. ಒಂದು ದೊಡ್ಡ ವಾಡೆ ಮನೆ, ಒಬ್ಬ ಮಾಲೀಕ, ಒಬ್ಬ ಬಾಡಿಗೆದಾರ, ಇಬ್ಬರಿಗೂ ಸೇರಿ ಒಂದೇ ನಲ್ಲಿ. ಇಷ್ಟೇ ಕಥೆ! ಕಾಕಾ ಒಂದು ದಿನ ಘೋಷಿಸಿಬಿಟ್ಟರು: "ಇದನ್ನ ಪೂರಾ ಕ್ಯಾಸೆಟ್ಟಿನಾಗ ಹಿಡಿದಿಡ್ತೀನಿ. ನಾಳೆ ಮೊಮ್ಮಕ್ಕಳು ನೋಡಬೇಕು." ಅವರ ಒಬ್ಬಳೇ ಮಗಳು ಆಗಿನ್ನೂ ನಾಲ್ಕನೇ ಇಯತ್ತೆಯಲ್ಲಿ ಮಗ್ಗಿ ತಪ್ಪುತ್ತಿದ್ದಳು.

ಮರುದಿನವೇ ವಿಡಿಯೋ ಕ್ಯಾಸೆಟ್ಟಿನ ಮಷಿನ್ ಬಂತು. ಅಂಗಡಿಯವನ ಜೊತೆ ಅರ್ಧ ದಿನ ಚೌಕಾಸಿ ಮಾಡಿ ಅಗ್ಗಕ್ಕೆ ತಂದಿದ್ದರು. ಆರತಿ ಆಯಿತು, ಕುಂಕುಮ ಆಯಿತು, ತೆಂಗಿನಕಾಯಿಯೂ ಆಯಿತು. ರೆಕಾರ್ಡ್ ಮಾಡುವ ಗುಂಡಿ ಮಾತ್ರ ಎಲ್ಲೂ ಸಿಗಲಿಲ್ಲ! ಅಂಗಡಿಯವನನ್ನೇ ಕರೆಸಿದರು. ಅವನು ಮರಾಠಿಯಲ್ಲಿ ಶಾಂತವಾಗಿ ಹೇಳಿದ: "ಕಾಕಾ, ಹ್ಯಾತ ರೆಕಾರ್ಡಿಂಗ್ ನಾಹೀ. ಫಕ್ತ ಪ್ಲೇ." ಕಾಕಾ ತಂದದ್ದು ಬರೀ ತೋರಿಸುವ ಮಷಿನ್, ಹಿಡಿದಿಡುವುದು ಅದಕ್ಕೆ ಬಾರದು. ಕಾಕು, ಅಂದರೆ ಕಾಕಾನ ಹೆಂಡತಿ, ನೆಲಕ್ಕೆ ಕೂತು ನಕ್ಕರು. "ಬೆಲ್ಲ ನೆಕ್ಕಿ ನೋಡೋ ಹಂಗ ಇದನ್ನೂ ಒಮ್ಮೆ ನೆಕ್ಕಿ ನೋಡಿ ತರಬೇಕಿತ್ರೀ!"

ಇನ್ನೊಬ್ಬರಾಗಿದ್ದರೆ ಸುಮ್ಮನಾಗುತ್ತಿದ್ದರು. ನಮ್ಮ ಕಾಕಾ ಲಗ್ನದ ವಿಡಿಯೋ ತೆಗೆಯುವವನನ್ನು ಕರೆತಂದರು! ಲಗ್ನದಲ್ಲಿ ಗಂಡು-ಹೆಣ್ಣಿನ ಮುಂದೆ ನಿಲ್ಲಿಸುವ ಹಾಗೆ ಅವನು ನಮ್ಮ ಟಿ.ವಿ.ಯ ಮುಂದೆ ಕ್ಯಾಮೆರಾ ನಿಲ್ಲಿಸಿದ. ರೂಢಿ ನೋಡಿ, ಸೀರಿಯಲ್ಲು ಸುರುವಾದ ಕೂಡಲೇ ದೊಡ್ಡ ಲೈಟು ಹಚ್ಚಿದ. ಟಿ.ವಿ. ಪರದೆಯ ಮೇಲೆ ಮಾಲೀಕನೂ ಇಲ್ಲ, ಬಾಡಿಗೆದಾರನೂ ಇಲ್ಲ, ಕಣ್ಣು ಕುಕ್ಕುವ ಬೆಳಕೊಂದೇ! "ಏ, ಲೈಟ್ ಬಂದ್ ಕರ್!" ಎಂದು ಕಾಕಾ ಕಿರುಚಿದ್ದೂ ರೆಕಾರ್ಡಾಯಿತು.

ಇಷ್ಟಕ್ಕೇ ಮುಗಿಯಿತೇ? ಅವನು ಕ್ಯಾಸೆಟ್ ತಯಾರಿಸಿ ಕೊಟ್ಟಾಗ ನಾವೆಲ್ಲ ಹೌಹಾರಿದೆವು. ಮೊದಲು ಗಣಪತಿ ಬಂದ. ಆಮೇಲೆ ಸನಾದಿಯ ಜೊತೆ 'ಶುಭ ವಿವಾಹ' ಬಂತು. ಗುಲಾಬಿ ಹೂಗಳು ಉದುರಿದವು. ಹೃದಯದ ಆಕಾರದೊಳಗೆ ಒಂದು ಕಡೆ ಆ ಮಾಲೀಕನ ಮೀಸೆ, ಇನ್ನೊಂದು ಕಡೆ ಬಾಡಿಗೆದಾರನ ಬೋಳುತಲೆ! "ಇಬ್ಬರ ಜೋಡಿ ಭಾಳ ಚಂದ ಆಗೇದ್ರೀ," ಎಂದರು ಕಾಕು.

ಆದರೆ ಕಾಕಾ ಬಿಡಲಿಲ್ಲ. ವಾರವಾರವೂ ಕ್ಯಾಮೆರಾ ಬಂತು. ಹಾಗೆ ಹಿಡಿದ ಚಿತ್ರದ ಮೇಲೆ ಕಪ್ಪು ಪಟ್ಟಿಗಳು ಓಡುತ್ತಿದ್ದವು. ಕ್ಯಾಮೆರಾಕ್ಕೆ ಕಿವಿಯೂ ಇರುತ್ತದಲ್ಲ, ಕುಕ್ಕರಿನ ಸೀಟಿಯಿಂದ ಹಿಡಿದು ಮನೆಯ ಸದ್ದೆಲ್ಲ ಕ್ಯಾಸೆಟ್ಟಿನಲ್ಲಿ ಬಂದು ಕೂರತೊಡಗಿತು. ಅದಕ್ಕೇ ಆ ಸೀನುಬಂದಿ ಕಾಯಿದೆ! ಫ್ಯಾನ್ ಬಂದ್, ಬಾಗಿಲು ಬಂದ್, ಕುಕ್ಕರ್ ಬಂದ್. ಆದರೆ ಕಾಕು? ಅವರ ನಗೆಗೆ ಯಾವ ಗುಂಡಿ? ಟಿ.ವಿ.ಯವರು ಜೋಕು ಮುಗಿಸುವ ಮೊದಲೇ ಇವರದು ಸುರು. ಮೊದಲು ಮೂಗಿನಿಂದ ಒಂದು ಗೊರಕೆ, ಆಮೇಲೆ ತಡೆಯಲಾರದ ಕಿಲಕಿಲ. ಕಾಕಾ ಕಣ್ಣು ಕೆಂಪಗೆ ಮಾಡಿದರೆ ಬಾಯಿಗೆ ಸೆರಗು ತುರುಕಿಕೊಳ್ಳುತ್ತಿದ್ದರು.

"ನಗೂ ಸೀರಿಯಲ್ ಹಚ್ಚಿ ನಗಬ್ಯಾಡ ಅಂತೀರಲ್ರೀ, ಇದ್ಯಾವ ನ್ಯಾಯ?"

"ಆಮ್ಯಾಲೆ ನಗು! ಕ್ಯಾಮೆರಾ ಬಂದ್ ಆದ ಮ್ಯಾಲೆ ಎಷ್ಟು ಬೇಕಾದಷ್ಟು ನಗು!"

ಎರಡು ಸಾವಿರದ ಇಸವಿ ದಾಟಿದ ಮೇಲೆ, ಒಂದು ಮಳೆಗಾಲದಲ್ಲಿ ಜ್ವರವೆಂದು ಮಲಗಿದ ಕಾಕು ಏಳಲಿಲ್ಲ. ಕಾಕಾ ಮಗಳ ಜೊತೆ ಪುಣೆಯಲ್ಲೇ ಮಗರಪಟ್ಟಾದ ಫ್ಲಾಟಿಗೆ ಹೋದರು. ಕ್ಯಾಸೆಟ್ಟುಗಳ ಟ್ರಂಕೂ ಹೋಯಿತು. ಅಷ್ಟರಲ್ಲಿ ಅದೇ ಸೀರಿಯಲ್ಲು ಡಿವಿಡಿಯಾಗಿ ಬಂತು, ಪೂರ್ತಿ, ಕನ್ನಡಿಯಷ್ಟು ಸ್ವಚ್ಛ! ನಾನು ಖುಷಿಯಿಂದ ಕೊಂಡು ಹೋಗಿ ಹಚ್ಚಿದೆ. ಕಾಕಾ ಸ್ವಲ್ಪ ಹೊತ್ತು ನೋಡಿ ಮುಖ ಗಂಟಿಕ್ಕಿದರು.

"ಇಲ್ಲಿ ಕುಕ್ಕರ್ ಸೀಟಿ ಹೊಡೀಬೇಕಿತ್ತು. ಎಲ್ಲಿ ಹೋತು?"

"ಕಾಕಾ, ಇದು ಅಸಲಿ ಅದ ರೀ!"

"ಅಸಲಿ ಇಲ್ಲೋ ಇದು. ಬಂದ್ ಮಾಡು."

ನನಗೆ ಸಿಟ್ಟು ಬಂತು. ಬೂಷ್ಟು ಹಿಡಿದ ಆ ಕ್ಯಾಸೆಟ್ಟುಗಳನ್ನೇ ಸೀಡಿ ಮಾಡಿಸಬೇಕೆಂದು ಕಾಕಾ ಹಟ ಹಿಡಿದರು. ಇನ್ನೊಂದು ಮಳೆಗಾಲ ಅವು ತಡೆಯುವ ಹಾಗಿರಲಿಲ್ಲ. ಸೀಡಿ ಮಾಡುವ ಒಂದು ಅಂಗಡಿಗೆ ಕೊಟ್ಟು ಬಂದೆವು. ವಾರ ಬಿಟ್ಟು ಹೋದಾಗ ಅಂಗಡಿಯಾತ ಹೆಮ್ಮೆಯಿಂದ ಸೀಡಿ ಹಚ್ಚಿ ತೋರಿಸಿದ. ಕಪ್ಪು ಪಟ್ಟಿ ಇಲ್ಲ, ಸೀಟಿ ಇಲ್ಲ! ಪುಣ್ಯಾತ್ಮ, ನಮ್ಮ ಕ್ಯಾಸೆಟ್ಟು ಕೆಟ್ಟಿದೆಯೆಂದು ಮಾರ್ಕೆಟ್ಟಿನ ಡಿವಿಡಿಯನ್ನೇ ನಕಲು ಮಾಡಿದ್ದ.

"ನಮ್ಮ ಕ್ಯಾಸೆಟ್ ಎಲ್ಲಿ?" ಗಾಬರಿಯಲ್ಲಿ ಕಾಕಾ ಕನ್ನಡದಲ್ಲೇ ಕೇಳಿದರು. ಅವನಿಗೆ ಮಾತು ತಿಳಿಯದಿದ್ದರೂ ಮುಖ ತಿಳಿಯಿತು. ಮೂಲೆಯ ಕಸದ ಡಬ್ಬಿ ತೋರಿಸಿದ.

ಕಾಕಾ ಇಸ್ತ್ರಿ ಅಂಗಿಯ ತೋಳು ಕೂಡ ಮಡಚದೆ ಅದರಲ್ಲಿ ಕೈ ಹಾಕಿದರು. ನಾನು ದಂಗಾಗಿ, "ಬಿಡ್ರಿ ಕಾಕಾ, ಒಂದು ಸೀರಿಯಲ್ಲಿಗೆ ಇಷ್ಟ್ಯಾಕ?" ಎಂದೆ.

"ಸೀರಿಯಲ್ಲಿಗೆ ಬೆಂಕಿ ಹಚ್ಚೋ! ಅದರಾಗ ನಿಮ್ಮ ಕಾಕು ನಗತಾಳ!"

ನಾನೂ ಡಬ್ಬಿಗೆ ಕೈ ಹಾಕಿದೆ. ಇಬ್ಬರೂ ಸೇರಿ ಕ್ಯಾಸೆಟ್ಟುಗಳನ್ನೆಲ್ಲ ಹೊರಗೆ ತೆಗೆದೆವು. ಅಂಗಡಿಯಾತ ಪೆಚ್ಚಾಗಿ ಒಂದನ್ನು ಒರೆಸಿ ಮಷಿನ್ನಿಗೆ ಹಾಕಿದ. ಪಟ್ಟಿ ಪಟ್ಟಿಯಾಗಿ ಮಾಲೀಕ ಬಂದ, ಬಾಡಿಗೆದಾರ ಬಂದ. ಎಲ್ಲೋ ಕುಕ್ಕರ್ ಸೀಟಿ ಹೊಡೆಯಿತು. ಆಮೇಲೆ ಮೂಗಿನಿಂದ ಒಂದು ಗೊರಕೆ, ಅದರ ಹಿಂದೆಯೇ ಆ ಕಿಲಕಿಲ. ಅಷ್ಟರಲ್ಲಿ ಕ್ಯಾಸೆಟ್ಟಿನೊಳಗಿನ ಕಾಕಾ ಗುಡುಗಿದರು: "ಏ, ನಗಬ್ಯಾಡಾ! ರೆಕಾರ್ಡ್ ಆಗ್ಲಿಕತ್ತದ!"

ನಗೆ ತಟ್ಟನೆ ನಿಂತಿತು. ಬಾಯಿಗೆ ಸೆರಗು ಹೋಗಿರಬೇಕು.

ಅಂಗಡಿಯಲ್ಲಿ ನಿಂತಿದ್ದ ಕಾಕಾ ಟಿ.ವಿ.ಯ ಹತ್ತಿರ ಬಗ್ಗಿದರು.

"ನಗು," ಎಂದರು ಮೆಲ್ಲಗೆ. "ನಾ ಏನೂ ಅನ್ನೂದಿಲ್ಲ. ನಗು."