ಗೇಟು ಹಾಕಿದ ಬ್ಲಾಗು

ಬೆಳಿಗ್ಗೆ ಫೋನು ತೆರೆದ ತುಕಿಜಾನ್ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಅವನ ಬ್ಲಾಗಿಗೆ ನಿನ್ನೆ ಬಂದ ಓದುಗ ಒಬ್ಬನೇ. ಆದರೆ ಆ ಒಬ್ಬ ಬೆಳಗಿನಿಂದ ಸಂಜೆಯವರೆಗೂ ಅಲ್ಲೇ ಇದ್ದ. ಮೊನ್ನೆಯೂ ಅಷ್ಟೇ. ಅದಕ್ಕೂ ಮುಂಚೆ ಬಂದವರೆಲ್ಲ ತಪ್ಪು ಮನೆಯ ಕದ ತಟ್ಟಿದವರಂತೆ ಬಂದ ಕಾಲಲ್ಲೇ ಹೊರಟುಬಿಡುತ್ತಿದ್ದರು.

ತುಕಿಜಾನ್ ಕ್ಲಾತೆನ್ ಊರಿನಲ್ಲಿ ರೈಲ್ವೆ ಗೇಟು ಕಾಯುತ್ತಿದ್ದವನು. ತಾನಾಗಿಯೇ ಬೀಳುವ ಗೇಟು ಬಂದಮೇಲೆ ಮನೆಗೆ ಬಂದ. ಮನೆಯಲ್ಲಿ ಯಾರೂ ಇರಲಿಲ್ಲ. ಸಾಕಿದ್ದ ಹಾಡುಹಕ್ಕಿ ಮುರಾಯ್ ಕೂಡ ಸತ್ತಿತ್ತು. ಗೇಟಿನೆದುರು ನಿಂತು ಹೋದವರ ಬಗ್ಗೆ ಬರೆಯತೊಡಗಿದ: ಮದುವೆಗೆ ತಡವಾಗಿ ಅಳುತ್ತಿದ್ದ ಮದುಮಗ, ಬಾತುಕೋಳಿ ಗಾಡಿಯವನು. ಯಾರೂ ಓದಲಿಲ್ಲ.

ಹೋದ ವಾರ ಫೋನು ರಿಪೇರಿಯ ಯಾತ್ನೊ ಉಪಾಯ ಹೇಳಿದ್ದ. "ಅಜ್ಜ, ಜನ ನಿಮ್ಮೆದುರು ಯಾವಾಗ ನಿಲ್ತಿದ್ರು? ಗೇಟು ಬಿದ್ದಾಗ. ಬ್ಲಾಗಿಗೂ ಒಂದು ಗೇಟು ಹಾಕ್ಬೇಕು." ಹಿಂದೆ ಗೇಟಿನ ಗುಡಿಸಲಲ್ಲಿ ತುಕಿಜಾನ್ ರೆಕಾರ್ಡ್ ಮಾಡಿಕೊಂಡಿದ್ದ ಮುರಾಯ್ ಹಾಡನ್ನು, ಪುಟ ತೆರೆದೊಡನೆ ನಿಲ್ಲದೆ ಕೇಳುವಂತೆ ಸೇರಿಸಿಕೊಟ್ಟಿದ್ದ.

"ನೋಡಿದ್ರಾ, ಗೇಟು ಬಿತ್ತು!" ಸರ್ಜಿಲಾಳ ಚಹಾದಂಗಡಿಯಲ್ಲಿ ಯಾತ್ನೊ ಫೋನು ಎತ್ತಿ ತೋರಿಸಿದ. "ಈಗ್ಲೂ ಇದ್ದಾನೆ. ನಮ್ಮೂರವನೇ."

"ಇದ್ದಾಳೆ ಅನ್ನು," ಸೋಯಾಕಾಳಿನ ಟೆಂಪೆ ಕರಿಯುತ್ತಿದ್ದ ಸರ್ಜಿಲಾ ಅಂದಳು. "ಗಂಡಸ್ರು ಅಷ್ಟು ಹೊತ್ತು ಯಾರ ಮಾತು ಕೇಳ್ತಾರೆ?"

"ಹಾಸಿಗೆ ಹಿಡಿದ ರೋಗಿ ಇರ್ಬೇಕಕ್ಕ. ಎದ್ದು ಹೋಗೋಕಾಗ್ದೆ ಓದ್ತಿದ್ದಾನೆ."

"ನೀನು ಓದಿದ್ದೀಯೇನೋ?" ತುಕಿಜಾನ್ ಕೇಳಿದ.

"ಬಾವಿ ತೋಡಿದವನು ನೀರೂ ಕುಡೀಬೇಕಾ ಅಜ್ಜ?"

ಸರ್ಜಿಲಾ, ಯಾತ್ನೊ ಇಬ್ಬರೂ ಸೇರಿ ತುಕಿಜಾನನಿಂದ ಪುಟದ ನೆತ್ತಿಯ ಮೇಲೆ ಕರೆಯೋಲೆ ಹಾಕಿಸಿದರು: ಇಂದು ಸಂಜೆ ನಾಲ್ಕಕ್ಕೆ ಸರ್ಜಿಲಾಳ ಅಂಗಡಿಗೆ ಬನ್ನಿ, ಹಳದಿ ಬಾತಿಕ್ ಅಂಗಿ ತೊಟ್ಟವನೇ ನಾನು. ಅಂಗಿ ಸರ್ಜಿಲಾಳ ಗಂಡನದು. ತುಕಿಜಾನನ ಮೈಮೇಲೆ ಅದು ಕಂಬಕ್ಕೆ ಸುತ್ತಿದ ಪರದೆಯಂತಿತ್ತು. ಅವನು ಬೆಂಚಿನ ತುದಿಯಲ್ಲಿ ಕೂತು ಒಂದೇ ಪ್ರಶ್ನೆಯನ್ನು ಬಾಯಿಪಾಠ ಮಾಡಿದ: ಬಾತುಕೋಳಿ ಗಾಡಿಯವನ ಕತೆ ಹೇಗಿತ್ತು?

ನಾಲ್ಕಕ್ಕೆ ಬೈಕು ತಳ್ಳಿಕೊಂಡು ಒಬ್ಬ ಬಂದ. ಹಳದಿ ಅಂಗಿ ನೋಡಿ ನಕ್ಕ. ತುಕಿಜಾನ್ ಎದ್ದು ಅವನ ಕೈ ಹಿಡಿದು ಕೂರಿಸಿ, ಶುಂಠಿ ಚಹಾ ಕುಡಿಸಿ, ಟೆಂಪೆ ತಿನ್ನಿಸಿದ. ಪ್ರಶ್ನೆ ಕೇಳುವ ಬದಲು ಇನ್ನೊಂದು ತುಂಡು ಬಡಿಸಿದ. ತಟ್ಟೆ ಖಾಲಿಯಾದ ಮೇಲೆ ಆ ಮನುಷ್ಯನೇ ಕೇಳಿದ: "ಒಳ್ಳೆ ಜನ ನೀವು. ಇಲ್ಲಿ ಪಂಕ್ಚರ್ ಹಾಕೋದ್ಯಾರು?"

ಸರ್ಜಿಲಾ ಸೌಟನ್ನೇ ಬಾಯಿಗೆ ಅಡ್ಡ ಹಿಡಿದು ನಕ್ಕಳು.

ಐದಾಯಿತು. "ಓದುಗ ಪುಟ ಬಿಟ್ಟು ಕದಲಿಲ್ಲ," ಯಾತ್ನೊ ಫೋನು ನೋಡಿ ಅಂದ. "ಕರೆಯೋಲೆ ಕಣ್ಮುಂದೇ ಇದೆ. ಆದ್ರೂ ಬರ್ತಿಲ್ಲ. ಸೊಕ್ಕು!"

ಆಗ ಅಂಗಡಿಯ ಹಿಂದಿನ ಓಣಿಯಿಂದ ಮುರಾಯ್ ಹಾಡು ಕೇಳಿತು. ಹಾಡಿನ ಹಿಂದೆ ಹಳೆಯ ಗೇಟಿನ ಗಂಟೆ. ಆ ಗಂಟೆ ಈಗ ಊರಲ್ಲೇ ಇಲ್ಲ. ಅದಿದ್ದದ್ದು ತನ್ನ ಬ್ಲಾಗಿನಲ್ಲಿ ಮಾತ್ರ. ತುಕಿಜಾನ್ ಅಂಗಿ ಎತ್ತಿ ಹಿಡಿದುಕೊಂಡು ಓಡಿದ.

ಸಿಮೆಂಟು ಅಂಗಡಿಯ ಪರ್ದಿಯ ಮನೆಯ ಸೂರಿನಡಿ ಒಂದು ಪಂಜರ. ಒಳಗೊಂದು ಎಳೆಯ ಮುರಾಯ್. ಪಂಜರಕ್ಕೆ ದಾರದಿಂದ ಕಟ್ಟಿದ್ದ ಫೋನಿನಲ್ಲಿ ತುಕಿಜಾನನ ಪುಟ.

"ಓ, ಇದು ನಿಮ್ದಾ?" ಪರ್ದಿ ಹೊರಬಂದ. "ಮರಿಗೆ ಹಾಡು ಕಲಿಸೋಕೆ ಬೆಳಿಗ್ಗೆ ಹಚ್ಚಿದ್ರೆ ಸಂಜೆವರೆಗೂ ಬಿಟ್ಟಿರ್ತೀನಿ."

"ಓದಿದ್ರಾ?"

"ಏನನ್ನ?"

"ಕೆಳಗೆ ಬರ್ದಿದೀನಲ್ಲ..."

"ಆ ಇರುವೆ ಸಾಲಾ? ಅದನ್ನ ತೆಗೆದ್ಬಿಡಿ, ಪುಟ ತೆರೆಯೋದು ತಡ ಆಗುತ್ತೆ. ಆದ್ರೆ ಅದಕ್ಕಿಂತ ದೊಡ್ಡ ತಕರಾರಿದೆ. ಭಾನುವಾರ ಹಕ್ಕಿ ಹಾಡಿನ ಪಂದ್ಯ. ಕೇಳಿ ಇಲ್ಲಿ!"

ಪರ್ದಿ ಫೋನು ನಿಲ್ಲಿಸಿ ಶಿಳ್ಳೆ ಹಾಕಿದ. ಮರಿ ಎದೆಯುಬ್ಬಿಸಿ ಕೊಕ್ಕು ತೆರೆಯಿತು: "ಟಿಣ್, ಟಿಣ್, ಟಿಣ್."

"ಹಾಡು ಬಿಟ್ಟು ಗಂಟೆ ಕಲ್ತಿದೆ! ನಾಳೆಯಿಂದ ಬೇರೆಯವರ ಪುಟ ಹಚ್ತೀನಿ."

"ಅಂಗಿ ಬಿಚ್ಚಿಕೊಟ್ಟು ಹೋಗಣ್ಣ," ಹಿಂದಿನಿಂದ ಸರ್ಜಿಲಾ ಕೂಗಿದಳು.

ತುಕಿಜಾನ್ ಹೊರಡಲು ತಿರುಗಿದ. ಮರಿ ಮತ್ತೆ ಗಂಟೆ ಬಾರಿಸತೊಡಗಿತು. ಎತ್ತಿದ ಕಾಲನ್ನು ಅವನು ಹಾಗೇ ಕೆಳಗಿಟ್ಟ. ಗಂಟೆ ನಿಲ್ಲುವವರೆಗೂ ಓಣಿಯಲ್ಲಿ ಒಬ್ಬನೇ ನಿಂತಿದ್ದ. ರೈಲು ಬರಲಿಲ್ಲ.